ನೆಲ ಉಜ್ಜುವ ಹೆಲಿಕಾಪ್ಟರ್

ಸೀಲಿಂಗ್ ಫ್ಯಾನೊಂದನ್ನು ಬಿಚ್ಚಿ ನೆಲದ ಮೇಲೆ ಬೋರಲು ಹಾಕಿ, ಮೇಲೊಂದು ಪೆಟ್ರೋಲ್ ಎಂಜಿನ್ ಕೂರಿಸಿ, ಸುತ್ತ ಕಬ್ಬಿಣದ ಬಳೆ ತೊಡಿಸಿ, ಹಿಂದಕ್ಕೆ ಉದ್ದನೆಯ ಹಿಡಿಕೆ ಕೊಟ್ಟರೆ ಹೇಗಿರುತ್ತದೋ ಪವರ್ ಟ್ರೋವೆಲ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಫ್ರೆಂಚರೂ ಇಟಲಿಯವರೂ ಇದಕ್ಕೆ ಹೆಲಿಕಾಪ್ಟರ್ ಎಂದೇ ಹೆಸರಿಟ್ಟಿದ್ದಾರೆ. ಹಾರುವುದಿಲ್ಲ, ಅಷ್ಟೆ. ಆಗತಾನೇ ಬಿಗಿಯುತ್ತಿರುವ ಕಾಂಕ್ರೀಟಿನ ಮೇಲೆ ನಿಮಿಷಕ್ಕೆ ನೂರರ ಆಸುಪಾಸು ಸುತ್ತು ಹೊಡೆಯುತ್ತ, ಗಾರೆಯವರು ಕುಕ್ಕರಗಾಲಲ್ಲಿ ಕೂತು ಕರಣೆಯಲ್ಲಿ ಉಜ್ಜುತ್ತಿದ್ದುದನ್ನು ಇದು ತಾನೇ ಉಜ್ಜುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಕನ್ನಡಿಯಂತೆ ಹೊಳೆಯುವುದರ ಹಿಂದೆ ಇದ್ದದ್ದೂ ಇದೇ ಉಜ್ಜಾಟ, ಯಂತ್ರವಿಲ್ಲದೆ.

ಹಿತ್ತಲಲ್ಲಿ ದೊಡ್ಡದೊಂದು ವರ್ಕ್‌ಶಾಪ್ ಕಟ್ಟಿಕೊಳ್ಳುವವರು ಮೊದಲು ತಲೆಕೆಡಿಸಿಕೊಳ್ಳುವುದು ಕಂಬ, ಶೀಟು, ರೋಲಿಂಗ್ ಶಟರುಗಳ ಬಗ್ಗೆ. ನೆಲದ ಸರದಿ ಕೊನೆಗೆ. ಆದರೆ ಶೀಟು ಸೋರಿದರೆ ಬದಲಿಸಬಹುದು. ನೆಲ ಕೆಟ್ಟರೆ ಟನ್ನು ತೂಗುವ ಲೇತನ್ನು ಎತ್ತಿ ಎಲ್ಲಿಡುವುದು? ಹ್ಯೂಲೆಟ್-ಪ್ಯಾಕರ್ಡ್ ಕಂಪನಿ 1938ರಲ್ಲಿ ಕಣ್ಣುಬಿಟ್ಟ ಪಾಲೊ ಆಲ್ಟೊದ ಗ್ಯಾರೇಜು 12 ಅಡಿ ಅಗಲ, 18 ಅಡಿ ಉದ್ದದ್ದು. ಅಷ್ಟು ಜಾಗಕ್ಕೆ ಕರಣೆ ಹಿಡಿದ ಇಬ್ಬರು ಸಾಕು. ಬೆಂಗಳೂರಿನವರ ನಾಲಗೆಯ ಮೇಲಿರುವ ‘ಥರ್ಟಿ ಫಾರ್ಟಿ’ ಸೈಟಿನಷ್ಟು ದೊಡ್ಡ ವರ್ಕ್‌ಶಾಪಾದರೆ ಲೆಕ್ಕವೇ ಬೇರೆ. 1200 ಚದರ ಅಡಿಗೆ ಐದು ಇಂಚು ದಪ್ಪ ಎಂದರೆ 500 ಘನ ಅಡಿ, ಅಂದರೆ 14 ಘನ ಮೀಟರು. ಆರು ಘನ ಮೀಟರ್ ಹಿಡಿಯುವ ರೆಡಿಮಿಕ್ಸ್ ಲಾರಿ ಎರಡು ಸಲ ತುಂಬಿ ಬಂದು, ಮೂರನೆಯ ಸಲ ಅರೆಬರೆ ಬರಬೇಕು. ತೂಕ ಮೂವತ್ತು ಟನ್ನು ಮೀರುತ್ತದೆ. ಇಷ್ಟೂ ಒಂದೇ ದಿನ, ಕೆಲವೇ ಗಂಟೆಗಳಲ್ಲಿ ಹಾಸಿ ಮಟ್ಟ ಮಾಡಿ ನುಣುಪಾಗಿಸಬೇಕು.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂಬುದು ಬಹಳ ಜನರ ನಂಬಿಕೆ. ಅದು ಒಣಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಸಿಮೆಂಟಿನ ಕಣಗಳು ನೀರಿನೊಂದಿಗೆ ಕೂಡಿ ಹೊಸ ಹರಳುಗಳನ್ನೂ ಅಂಟಿನಂಥ ಜೆಲ್ಲನ್ನೂ ಬೆಳೆಸುತ್ತವೆ. ಜಲ್ಲಿ, ಮರಳನ್ನು ಹಿಡಿದಿಡುವುದು ಆ ಜೆಲ್. ಅದಕ್ಕೇ ಕಾಂಕ್ರೀಟು ನೀರಿನೊಳಗೂ ಗಟ್ಟಿಯಾಗುತ್ತದೆ. 50 ಕಿಲೋ ಮೂಟೆಯ ಸಿಮೆಂಟಿಗೆ ಈ ಕೆಲಸಕ್ಕೆ ಬೇಕಾದದ್ದು ಸುಮಾರು 20 ಲೀಟರು. ಆದರೆ ಅಷ್ಟೇ ಹಾಕಿದರೆ ಸಲಿಕೆಗೆ ಬಗ್ಗದು. ಸರಾಗವಾಗಿ ಹರಿಯಲಿ ಎಂದು ಇನ್ನಷ್ಟು ಸುರಿಯುತ್ತಾರೆ. ಲಾರಿಯ ಹಿಂದೆ ಪೈಪು ಹಿಡಿದು ನಿಂತ ಹುಡುಗನನ್ನು ತಡೆಯುವವರಿಲ್ಲದಿದ್ದರೆ ಮತ್ತಷ್ಟು. ಹೀಗೆ ಮಿಕ್ಕ ನೀರು ಮುಂದೆ ಆವಿಯಾಗಿ ತನ್ನ ಜಾಗದಲ್ಲಿ ಸಣ್ಣ ಸಣ್ಣ ತೂತುಗಳನ್ನು ಬಿಟ್ಟುಹೋಗುತ್ತದೆ. ಸಿಮೆಂಟಿಗೆ ನೀರಿನ ಪ್ರಮಾಣ ಏರಿದಂತೆ ಬಲ ಇಳಿಯುತ್ತದೆ ಎಂಬ ನಿಯಮವನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ಬರೆದಿಟ್ಟ.

ಸುರಿದು ಮಟ್ಟ ಮಾಡಿದ ಮೇಲೆ ಭಾರದ ಜಲ್ಲಿ ಕೆಳಗಿಳಿಯುತ್ತದೆ, ನೀರು ಮೇಲೆ ಜಿನುಗಿ ತೆಳ್ಳಗೆ ನಿಲ್ಲುತ್ತದೆ. ನೆಲ ಹಾಳಾಗುವುದು ಹೆಚ್ಚಾಗಿ ಈ ಹೊತ್ತಿನಲ್ಲಿ. ಕೆಲಸ ಬೇಗ ಮುಗಿಯಲೆಂದು ಆ ನೀರಿನ ಮೇಲೇ ಕರಣೆ ಆಡಿಸಿದರೆ ನೀರು ಮೇಲ್ಪದರದೊಳಗೇ ಸೇರಿಕೊಳ್ಳುತ್ತದೆ. ಇನ್ನು ಕೆಲವರು ನೀರು ಹೀರಲೆಂದು ಸಿಮೆಂಟ್ ಪುಡಿ ಉದುರಿಸಿ ತಿಕ್ಕುತ್ತಾರೆ. ಮಾಲೀಕನ ಕಣ್ಣಿಗೆ ಚೆಂದವೋ ಚೆಂದ. ಕೆಲವು ತಿಂಗಳಲ್ಲಿ ಜೇಡರ ಬಲೆಯಂಥ ಬಿರುಕು, ಎಷ್ಟು ಗುಡಿಸಿದರೂ ಮುಗಿಯದ ಬೂದಿಬಣ್ಣದ ಧೂಳು.

ಹಾಗಾದರೆ ಹೆಲಿಕಾಪ್ಟರ್ ಇಳಿಯುವುದು ಯಾವಾಗ? ಮೇಸ್ತ್ರಿ ಬೂಟು ಹಾಕಿದ ಕಾಲನ್ನು ಕಾಂಕ್ರೀಟಿನ ಮೇಲಿಟ್ಟು ನೋಡುತ್ತಾನೆ. ಹೆಜ್ಜೆ ಕಾಲಿಂಚಿಗಿಂತ ಆಳಕ್ಕೆ ಹೋದರೆ ಇನ್ನೊಂದು ಟೀ ಕುಡಿಯುವಷ್ಟು ಪುರುಸೊತ್ತಿದೆ. ಗುರುತೇ ಮೂಡದಿದ್ದರೆ ಹೊತ್ತು ಮೀರಿತು. ಮೊದಲ ಸುತ್ತಿಗೆ ರೆಕ್ಕೆಗಳ ಕೆಳಗೆ ಅಗಲವಾದ ತಟ್ಟೆ ಕಟ್ಟುತ್ತಾರೆ. ಅದು ಉಬ್ಬುತಗ್ಗು ತುಂಬಿ, ಹದವಾದ ಗಾರೆಯನ್ನು ಮೇಲಕ್ಕೆ ತರುತ್ತದೆ. ಆಮೇಲೆ ಬರಿಯ ಉಕ್ಕಿನ ರೆಕ್ಕೆ. ಚಪ್ಪಟೆಯಾಗಿದ್ದಾಗ ಯಂತ್ರದ ಭಾರ ರೆಕ್ಕೆಯ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಹಿಡಿಕೆಯ ತಿರುಪು ತಿರುಗಿಸಿ ಓರೆ ಮಾಡಿದರೆ ಹಿಂದಿನ ಅಂಚು ಮಾತ್ರ ನೆಲ ಮುಟ್ಟುತ್ತದೆ: ಭಾರ ಅಷ್ಟೇ, ಮುಟ್ಟುವ ಜಾಗ ಕಿರಿದು, ಒತ್ತಡ ಹೆಚ್ಚು. ನೆಲ ಗಟ್ಟಿಯಾದಂತೆಲ್ಲ ಓರೆ ಹೆಚ್ಚಿಸುತ್ತ ಹೋದರೆ ಕೊನೆಗೆ ಕಪ್ಪುಮಿಶ್ರಿತ ಹೊಳಪು ಬರುತ್ತದೆ.

ಚಕ್ರವಿಲ್ಲದ, ಸ್ಟೇರಿಂಗ್ ಇಲ್ಲದ ಈ ಯಂತ್ರವನ್ನು ನಡೆಸುವ ಬಗೆ ಇನ್ನೂ ಸೊಗಸು. ಮೇಲಿನಿಂದ ನೋಡಿದರೆ ರೆಕ್ಕೆಗಳು ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಹಿಡಿಕೆಯನ್ನು ತುಸು ಎತ್ತಿದರೆ ಭಾರ ಮುಂದಿನ ರೆಕ್ಕೆಗೆ ಬೀಳುತ್ತದೆ. ಆ ಕ್ಷಣ ಅದು ಎಡದಿಂದ ಬಲಕ್ಕೆ ಉಜ್ಜುತ್ತಿರುವುದರಿಂದ ನೆಲದ ಘರ್ಷಣೆ ಅದನ್ನು ಎಡಕ್ಕೆ ದೂಡುತ್ತದೆ. ಯಂತ್ರವೂ ಎಡಕ್ಕೆ ತೇಲುತ್ತದೆ. ಹಿಡಿಕೆ ಒತ್ತಿದರೆ ಬಲಕ್ಕೆ. ಹೊಸಬರು ತೋಳ್ಬಲದಿಂದ ಎಳೆದಾಡಿ ಸುಸ್ತಾಗುತ್ತಾರೆ, ಪಳಗಿದವರು ಎರಡು ಬೆರಳಿನಷ್ಟು ಎತ್ತಿ ಇಳಿಸುತ್ತಾರೆ. ಕೈ ಬಿಟ್ಟರೆ ಮಾತ್ರ ರೆಕ್ಕೆಯ ಬದಲು ಹಿಡಿಕೆಯೇ ಗಿರ್ರನೆ ತಿರುಗಿ ಕಾಲು ಮುರಿಯಬಹುದು. ಅದಕ್ಕೇ ಹಿಡಿತ ಸಡಿಲವಾದೊಡನೆ ನಿಲ್ಲಿಸುವ ಲಿವರ್ ಇರುತ್ತದೆ.

ನಮ್ಮ ಕಾರ್ಖಾನೆ, ಗೋಡೌನುಗಳಲ್ಲಿ ‘ಟ್ರಿಮಿಕ್ಸ್’ ಎಂಬ ಮಾತು ಸದಾ ಕೇಳಿಬರುತ್ತದೆ. ಅದು ಸ್ವೀಡನ್ನಿನ ಕಂಪನಿಯ ಹೆಸರು; ಇಲ್ಲಿ ವಿಧಾನಕ್ಕೇ ಹೆಸರಾಗಿ ನಿಂತಿದೆ. ಹಸಿ ಕಾಂಕ್ರೀಟಿನ ಮೇಲೆ ಜಾಲರಿಯಂಥ ಚಾಪೆ ಹಾಸಿ ನಿರ್ವಾತ ಪಂಪಿನಿಂದ ಹೆಚ್ಚುವರಿ ನೀರನ್ನು ತೆಗೆಯುವುದು. ಪಂಪು ಗಾಳಿ ಹೀರಿದಾಗ ಹೊರಗಿನ ವಾತಾವರಣ ಚದರ ಮೀಟರಿಗೆ ಹಲವು ಟನ್ನಿನ ಭಾರದಲ್ಲಿ ಚಾಪೆಯನ್ನು ಒತ್ತುತ್ತದೆ, ನೀರು ಹಿಂಡಿಕೊಂಡು ಬರುತ್ತದೆ. ಸರಾಗವಾಗಿ ಹರಡಲು ನೀರು ಬೇಕು, ಬಲಕ್ಕೆ ನೀರು ಬೇಡ ಎಂಬ ಜಗಳಕ್ಕೆ ಇಷ್ಟು ಜಾಣ ಪರಿಹಾರ ಇನ್ನೊಂದಿಲ್ಲ.

ಆದರೂ ಉಳಿದ ನೀರು ಆರುತ್ತ 40 ಅಡಿಯ ನೆಲ ಐದಾರು ಮಿಲಿಮೀಟರ್ ಕುಗ್ಗುತ್ತದೆ. ಬಿರುಕು ತಪ್ಪದು, ಎಲ್ಲಿ ಬಿಡಬೇಕೆಂದು ಮಾತ್ರ ಹೇಳಬಹುದು. ಮರುದಿನದೊಳಗೆ ಹತ್ತು-ಹನ್ನೆರಡು ಅಡಿಗೊಂದರಂತೆ, ದಪ್ಪದ ಕಾಲುಭಾಗ ಆಳಕ್ಕೆ ಗರಗಸದಲ್ಲಿ ಗೀರು ಕೊಯ್ಯುತ್ತಾರೆ. ಬಿರುಕು ಆ ಗೀರಿನ ಅಡಿಯಲ್ಲೇ ಅಡಗಿ ಕೂರುತ್ತದೆ. ಕೊಯ್ದ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು, ಇಲ್ಲವೇ ಗೋಣಿಚೀಲ ಹಾಸಿ ನೆನೆಸಬೇಕು. ಭಾರತೀಯ ಮಾನಕ 456 ಹೇಳುವಂತೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ 10 ದಿನ. ಹೊರಹಾಕಲು ಇಷ್ಟು ಹೆಣಗಿದ ನೀರನ್ನೇ ಈಗ ಹೋಗದಂತೆ ಕಾಯುವ ಪಾಳಿ ಎಂದು ನಗಬೇಡಿ, ಮೇಲ್ಮೈಯ ಸಿಮೆಂಟು ಇನ್ನೂ ಬಾಯಾರಿದೆ.

ವರ್ಕ್‌ಶಾಪ್ ಒಡೆಯನ ಕನಸು ಸಾಮಾನ್ಯವಾಗಿ ಎಪಾಕ್ಸಿ: ಎಣ್ಣೆ ಚೆಲ್ಲಿದರೂ ಬಟ್ಟೆಯಲ್ಲಿ ಒರೆಸಿಬಿಡಬಹುದಾದ ಹೊಳೆಯುವ ಹೊದಿಕೆ. ಇಲ್ಲೊಂದು ತಮಾಷೆಯಿದೆ. ಹೆಲಿಕಾಪ್ಟರ್ ಉಜ್ಜಿ ಉಜ್ಜಿ ಕನ್ನಡಿಯಾಗಿಸಿದ ನೆಲಕ್ಕೆ ಎಪಾಕ್ಸಿ ಕಚ್ಚುವುದೇ ಇಲ್ಲ, ಹಿಡಿದುಕೊಳ್ಳಲು ತೂತಿಲ್ಲ. ವಜ್ರದ ಕಣಗಳ ಗ್ರೈಂಡರ್ ತಂದು ಹೊಳಪನ್ನೆಲ್ಲ ಕೆರೆಯಬೇಕು. ಬಳಿಯುವ ಯೋಚನೆ ಇದ್ದರೆ ಮೇಸ್ತ್ರಿಗೆ ಮೊದಲೇ ಹೇಳಿ ಕೊನೆಯ ಸುತ್ತು ಬಿಡಿಸುವುದು ಲೇಸು.

ಇನ್ನೊಂದು ಅಡ್ಡಿ ನೆಲದಡಿಯ ತೇವ. ಕಾಂಕ್ರೀಟ್ ಸುರಿಯುವ ಮುನ್ನ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಮಣ್ಣಿನ ಆವಿ ಮೇಲೇರಿ ಹೊದಿಕೆಯನ್ನು ಗುಳ್ಳೆ ಗುಳ್ಳೆಯಾಗಿ ಎಬ್ಬಿಸುತ್ತದೆ. ಪರೀಕ್ಷೆ ಸುಲಭ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ, 16 ಗಂಟೆ ಬಿಟ್ಟು ಎತ್ತಿ ನೋಡುವುದು. ಒಳಮೈಯಲ್ಲಿ ಬೆವರಹನಿ ಕೂತಿದ್ದರೆ, ಅಥವಾ ಅಡಿಯ ಕಾಂಕ್ರೀಟು ಕಪ್ಪಾಗಿದ್ದರೆ, ಎಪಾಕ್ಸಿ ಡಬ್ಬಿಯ ಮುಚ್ಚಳ ಇನ್ನೂ ಕೆಲವು ವಾರ ಮುಚ್ಚಿಯೇ ಇರಲಿ.