ಪುಟ್ಟಕ್ಕನ ಕಣ್ಣೀರು ಸಾಕು, ಪುಟ್ಟಕ್ಕನ ಹಕ್ಕಿನ ಮಾತಾಡೋಣ

ಸಂಜೆ ಹೊತ್ತು ಸುದ್ದಿ ಓದುವ ನನ್ನಂಥವರಿಗೆ ಪ್ರತಿಸ್ಪರ್ಧಿ ಯಾರು ಗೊತ್ತಾ? ಇನ್ನೊಂದು ನ್ಯೂಸ್ ಚಾನೆಲ್ ಅಲ್ಲ ಸ್ವಾಮಿ, ಸೀರಿಯಲ್! ಚಳ್ಳಕೆರೆಯಲ್ಲಿ ಎಣ್ಣೆ ಗಾಣದ ಕೆಲಸ ಮುಗಿಸಿ ಬಂದವರಿರಲಿ, ಮೊಳಕಾಲ್ಮುರಿನಲ್ಲಿ ಮಗ್ಗ ನಿಲ್ಲಿಸಿ ಎದ್ದವರಿರಲಿ, ಮನೆಯ ರಿಮೋಟ್ ಆ ಹೊತ್ತಿಗೆ ಹೆಣ್ಣುಮಕ್ಕಳ ಕೈಯಲ್ಲಿರುತ್ತೆ. ಅವರು ಸುಮ್ಮಸುಮ್ಮನೆ ನೋಡ್ತಾರೆ ಅಂತ ಗಂಡಸರು ನಗ್ತಾರೆ. ಸುಮ್ಮನೆ ಅಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ.

2021ರ ಡಿಸೆಂಬರ್ 13ರಂದು ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ನಿರ್ದೇಶನ ಆರೂರು ಜಗದೀಶ್ ಅವರದು. ತೆಲುಗಿನ 'ರಾಧಮ್ಮ ಕೂತುರು' ಇದರ ಮೂಲ. ಪುಟ್ಟಕ್ಕನಾಗಿ ಬಂದವರು ಉಮಾಶ್ರೀ. ಆಗ ಅವರ ವಯಸ್ಸು 64. ಧಾರಾವಾಹಿ ಬಂದ ಹೊಸತರಲ್ಲೇ ಟಿಆರ್‌ಪಿ ಪಟ್ಟಿಯ ತುದಿಗೇರಿತು. ಅರವತ್ತು ದಾಟಿದ ನಟಿಯ ಹೆಗಲ ಮೇಲೆ ಇಡೀ ಕಥೆ ನಿಲ್ಲುವುದು ನಮ್ಮಲ್ಲಿ ದಿನಾ ನಡೆಯುವ ಮಾತಲ್ಲ.

ಸಿನಿಮಾ ಕಡೆ ಸ್ವಲ್ಪ ನೋಡಿ. 1963ರ 'ವೀರಕೇಸರಿ'ಯಲ್ಲಿ ಲೀಲಾವತಿ ಅವರು ರಾಜ್‌ಕುಮಾರ್‌ಗೆ ನಾಯಕಿ. 1972ರಲ್ಲಿ ನಮ್ಮ ದುರ್ಗದಲ್ಲೇ ಚಿತ್ರೀಕರಣವಾದ 'ನಾಗರಹಾವು' ಬಂತು. ಕಾದಂಬರಿ ಬರೆದ ತ.ರಾ.ಸು. ಅವರ ಹೆಸರಿನ ಮೊದಲಕ್ಷರದಲ್ಲೇ ಚಳ್ಳಕೆರೆ ತಾಲ್ಲೂಕಿನ ತಳುಕು ಇದೆ. ಆ ಚಿತ್ರದಲ್ಲಿ ಲೀಲಾವತಿ ಚಾಮಯ್ಯ ಮೇಷ್ಟ್ರ ಹೆಂಡತಿ, ರಾಮಾಚಾರಿಗೆ ತಾಯಿಯಂಥವರು. ಅವರಿಗಿನ್ನೂ ಮೂವತ್ತೈದರ ಆಸುಪಾಸು! ಅದೇ ರಾಜ್‌ಕುಮಾರ್ 2000ದ 'ಶಬ್ದವೇಧಿ'ಯಲ್ಲಿ 71ರ ವಯಸ್ಸಿನಲ್ಲೂ ನಾಯಕ. ಅಣ್ಣಾವ್ರ ಮೇಲೆ ನನಗೆ ದೂರಿಲ್ಲ. ಆದರೆ ಗಂಡಿಗೊಂದು ಗಡಿಯಾರ, ಹೆಣ್ಣಿಗೊಂದು ಗಡಿಯಾರ ಅನ್ನೋದು ಸುಳ್ಳಾ?

ಟಿವಿಯಲ್ಲಿ ಆ ಗಡಿಯಾರ ಬೇರೆ ಥರ ಓಡುತ್ತೆ. ಟಿಕೆಟ್ ಕೊಂಡು ಥಿಯೇಟರಿಗೆ ಬರುವವರಲ್ಲಿ ಹುಡುಗರೇ ಹೆಚ್ಚು. ಮನೆಯಲ್ಲಿ ಕೂತು ದಿನಾ ನೋಡುವವರಲ್ಲಿ ತಾಯಂದಿರು, ಅತ್ತೆಯರು, ಸೊಸೆಯರು ಹೆಚ್ಚು. ಜಾಹೀರಾತಿನ ದುಡ್ಡು ಅವರ ಹಿಂದೆ ಹೋಗುತ್ತೆ, ಕಥೆ ದುಡ್ಡಿನ ಹಿಂದೆ ಹೋಗುತ್ತೆ. ಹಾಗಾಗಿ ಸಿನಿಮಾದಲ್ಲಿ ಮೂಲೆಗೆ ಸೇರುತ್ತಿದ್ದ ತಾಯಿ ಇಲ್ಲಿ ನಡುಮನೆಗೆ ಬಂದಳು.

ಕಥೆ ನಿಮಗೆ ಗೊತ್ತೇ ಇದೆ. ಗಂಡುಮಗ ಹುಟ್ಟಲಿಲ್ಲ ಅಂತ ಗಂಡ ಇನ್ನೊಂದು ಸಂಸಾರ ಕಟ್ಟಿಕೊಂಡ. ಪುಟ್ಟಕ್ಕ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದಳು. (ಹುಟ್ಟುವುದು ಗಂಡೋ ಹೆಣ್ಣೋ ಅನ್ನೋದು ತೀರ್ಮಾನವಾಗುವುದು ತಂದೆಯ ವೀರ್ಯಾಣುವಿನಿಂದ ಅಂತ ಶಾಲೆ ಪುಸ್ತಕದಲ್ಲೇ ಇದೆ. ಆದರೂ ಮನೆ ಬಿಟ್ಟು ಹೋಗುವವನು ಅವನೇ.)

ಈ ಪಾತ್ರ ಉಮಾಶ್ರೀಗೆ ಇದ್ದಕ್ಕಿದ್ದಂತೆ ಒಲಿದದ್ದಲ್ಲ. ದೇವನೂರ ಮಹಾದೇವರ 'ಒಡಲಾಳ' ರಂಗಕ್ಕೆ ಬಂದಾಗ ಮುದುಕಿ ಸಾಕವ್ವನಾದವರು ಇನ್ನೂ ಪ್ರಾಯದಲ್ಲಿದ್ದ ಇದೇ ಉಮಾಶ್ರೀ. ಕಳೆದುಹೋದ ಹುಂಜ ಹುಡುಕುವ ಅಜ್ಜಿ, ಕದ್ದು ತಂದ ಕಡ್ಲೆಕಾಯಿಯನ್ನು ರಾತ್ರಿಯೆಲ್ಲ ಸುತ್ತ ಕೂತು ತಿನ್ನುವ ಮನೆಮಂದಿ. ಶೇಂಗಾ ಬೆಳೆಯುವ ಚಳ್ಳಕೆರೆ ಸೀಮೆಯವರಿಗೆ ಆ ಹಸಿವನ್ನು ಬಿಡಿಸಿ ಹೇಳಬೇಕಾ? ಆಮೇಲೆ ಸಿನಿಮಾ ಅವರಿಗೆ ವರ್ಷಗಟ್ಟಲೆ ಕಾಮಿಡಿ ಕೊಟ್ಟಿತು. 2008ರಲ್ಲಿ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ರಾಷ್ಟ್ರಪ್ರಶಸ್ತಿ ತಂದಿತು. ಅಲ್ಲಿ ಗುಲಾಬಿ ಸೂಲಗಿತ್ತಿ. ಗಂಡ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಅವಳ ಮನೆಗೆ ಡಿಶ್ ಸಮೇತ ಟಿವಿ ಬರುತ್ತೆ, ಕೇರಿಯ ಹೆಂಗಸರು ನೋಡೋಕೆ ಸೇರ್ತಾರೆ. ಅವತ್ತು ಟಿವಿ ಮುಂದೆ ಕೂತಿದ್ದ ಪರಿತ್ಯಕ್ತೆ, ಹದಿಮೂರು ವರ್ಷದ ನಂತರ ಟಿವಿಯೊಳಗೇ ಬಂದು ಕೂತಳು.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಹೊಗಳಿಕೆ. ನನ್ನ ಮಾತು ಮುಂದಿದೆ.

ಧಾರಾವಾಹಿಗೆ ಕಷ್ಟ ಎಳೆಯಬೇಕು. ಪುಟ್ಟಕ್ಕನ ನೋವು ಬೇಗ ತೀರಿದರೆ ನಾಳೆಯ ಕಂತು ಎಲ್ಲಿಂದ ಬರುತ್ತೆ? ಆದರೆ ನಿಮ್ಮ ಬೀದಿಯ ಪುಟ್ಟಕ್ಕ ಕಾಯಬೇಕಾಗಿಲ್ಲ. ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಮೊದಲ ಹೆಂಡತಿ ಬದುಕಿದ್ದು, ವಿಚ್ಛೇದನ ಆಗದಿದ್ದರೆ ಎರಡನೇ ಮದುವೆ ಅಸಿಂಧು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಲ್ಲಿ ಏಳು ವರ್ಷದವರೆಗೆ ಜೈಲಿದೆ. ದೂರು ಕೊಡಬೇಕಾದವರು ಮೊದಲ ಹೆಂಡತಿ ಅಥವಾ ಆಕೆಯ ಪರವಾಗಿ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಂಥ ಹತ್ತಿರದವರು. ಊರ ಪಂಚಾಯ್ತಿ ಕಟ್ಟೆಯಲ್ಲಿ 'ಹೊಂದ್ಕೊಂಡು ಹೋಗಮ್ಮ' ಅಂದರೆ ಕಾನೂನು ಬದಲಾಗಲ್ಲ.

ಕೈ ಬಿಟ್ಟ ಗಂಡನಿಂದ ಜೀವನಾಂಶ ಕೇಳೋದಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿದೆ. ಹಿಂದೆ 125 ಅಂತಿದ್ದದ್ದು ಇದೇ. ಹೆಣ್ಣುಮಕ್ಕಳ ಪಾಲಿನ ವಿಷಯ? ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು, ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಗೋಡೆ ಕೆಡವಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ವಕೀಲರಿಗೆ ದುಡ್ಡೆಲ್ಲಿಂದ ತರೋದು ಅಂತೀರಾ? ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಕೊಡಬೇಕು ಅಂತ 1987ರ ಕಾಯ್ದೆ ಹೇಳುತ್ತೆ. ಅದಕ್ಕೆಂದೇ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ, ಕೋರ್ಟಿನಲ್ಲಿ ವಿಚಾರಿಸಿ. ಫೋನ್ ಮಾಡೋದಾದರೆ 15100.

ಉಮಾಶ್ರೀ ಅವರಿಗೆ ಈ ಲೋಕ ಹೊಸದಲ್ಲ. 2013ರಲ್ಲಿ ನೇಕಾರರ ಸೀಮೆಯಾದ ತೇರದಾಳದಿಂದ ಗೆದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾದರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕೈಬಿಟ್ಟ ಹೆಣ್ಣಿನ ಪಾತ್ರ ಮಾಡಿದವರೇ ಆ ಹೆಣ್ಣಿನ ಹಕ್ಕು ನೋಡಿಕೊಳ್ಳುವ ಇಲಾಖೆಯನ್ನೂ ನಡೆಸಿದವರು. ಹಾಗಾಗಿ ನನ್ನದೊಂದು ಕೋರಿಕೆ, ಕಥೆ ಬರೆಯುವವರಿಗೆ. ಇಂಥ ನಟಿ ಸಿಕ್ಕಾಗ ಒಂದೇ ಒಂದು ಕಂತಿನಲ್ಲಿ ತಾಯಿಯೊಬ್ಬಳು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಲಿ. ನಾನು ಸುದ್ದಿಯಲ್ಲಿ ನೂರು ಸಲ ಹೇಳಿದರೂ ತಲುಪದ ಮನೆಗಳಿಗೆ ಆಕೆಯ ಒಂದು ಮಾತು ತಲುಪುತ್ತೆ.

ನೋಡುವ ತಾಯಂದಿರಿಗೂ ಒಂದು ಮಾತು. ಪುಟ್ಟಕ್ಕನಿಗಾಗಿ ಕಣ್ಣೊರೆಸಿಕೊಳ್ಳಿ, ತಪ್ಪೇನಿಲ್ಲ. ಆಮೇಲೆ ಪಕ್ಕದ ಮನೆಯ ಪುಟ್ಟಕ್ಕನಿಗೆ ಆ ಐದು ಅಂಕಿಯ ನಂಬರ್ ಬರೆದು ಕೊಡಿ.