ಒಂದು ತಂತಿ ಬಿಗಿದರೆ ಐದು ಸಡಿಲ!

ಆರಿದ್ರಾ ಮಳೆ ಹಿಡಿಯಿತೆಂದರೆ ಹೊಸನಗರದ ಕಡೆ ಮನೆಯ ಬಾಗಿಲುಗಳು ಚೌಕಟ್ಟನ್ನು ಕಚ್ಚಿಕೊಂಡುಬಿಡುತ್ತವೆ. ಹುಲಿಕಲ್, ಮಾಸ್ತಿಕಟ್ಟೆ ಭಾಗದಲ್ಲಂತೂ ಕೇಳುವುದೇ ಬೇಡ. ಮರ ತೇವ ಕುಡಿದು ಉಬ್ಬುತ್ತದೆ, ಚರ್ಮ ಸಡಿಲವಾಗುತ್ತದೆ. ತಾಳಮದ್ದಲೆಗೆ ಕೂತ ಮದ್ದಳೆಗಾರರು ಪದೇ ಪದೇ ಸುತ್ತಿಗೆ ಕೈಗೆತ್ತಿಕೊಳ್ಳುವುದು ಇದೇ ಕಾರಣಕ್ಕೆ. ಹೀಗಿರುವಾಗ, ಬೆಂಗಳೂರಿನ ಕಾಲೇಜಿನಿಂದ ಊರಿಗೆ ಬಂದ ಹುಡುಗ ಹೆಗಲಿಗೇರಿಸಿಕೊಂಡು ತಂದ ಎಲೆಕ್ಟ್ರಿಕ್ ಗಿಟಾರ್ ಮಾತ್ರ ಶ್ರುತಿ ಬಿಡದೆ ಇದ್ದೀತೆ?

‘ಅಷ್ಟು ದುಡ್ಡು ಸುರಿದು ತಂದದ್ದು ಕೆಟ್ಟೇ ಹೋಯಿತಲ್ಲೋ’ ಎಂದು ಅಪ್ಪ ಗೊಣಗುತ್ತಾರೆ. ಮಗನಿಗೋ ತನ್ನ ಕಿವಿಯ ಮೇಲೇ ಅನುಮಾನ. ಎಷ್ಟೋ ಮಕ್ಕಳ ಗಿಟಾರ್ ಅಟ್ಟ ಸೇರುವುದು ಈ ಹಂತದಲ್ಲೇ. ಆದರೆ ಆ ಗಿಟಾರಿಗೆ ತೇಲುವ ಬ್ರಿಡ್ಜ್ ಇದ್ದರೆ, ಕೆಟ್ಟಿರುವುದು ಗಿಟಾರೂ ಅಲ್ಲ, ಕಿವಿಯೂ ಅಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು. ತೂಕ ತಪ್ಪಿರುತ್ತದೆ, ಅಷ್ಟೆ.

ವೀಣೆ, ತಂಬೂರಿಗಳಲ್ಲಿ ತಂತಿಗಳನ್ನು ಹೊರುವ ಭಾಗಕ್ಕೆ ‘ಕುದುರೆ’ ಎನ್ನುತ್ತಾರೆ. ಗಿಟಾರಿನ ಬ್ರಿಡ್ಜೂ ಅದೇ. ಸಾಮಾನ್ಯ ಗಿಟಾರಿನಲ್ಲಿ ಈ ಕುದುರೆ ಕದಲುವುದಿಲ್ಲ. ತೇಲುವ ಬ್ರಿಡ್ಜಿನಲ್ಲಿ ಅದು ಎರಡು ಮೊಳೆಗಳ ಮೇಲೆ ತಕ್ಕಡಿಯಂತೆ ನಿಂತಿರುತ್ತದೆ. ಮುಂಭಾಗದಲ್ಲಿ ಆರು ತಂತಿಗಳು ಅದನ್ನು ಒಂದು ಕಡೆಗೆ ಎಳೆಯುತ್ತವೆ. ಗಿಟಾರಿನ ಬೆನ್ನಿನ ಗೂಡಿನಲ್ಲಿರುವ ಸ್ಪ್ರಿಂಗುಗಳು ಇನ್ನೊಂದು ಕಡೆಗೆ. ತಂತಿಗಳ ಎಳೆತವೇನು ಕಡಿಮೆಯದಲ್ಲ. ಮೊದಲ ತಂತಿ 0.23 ಮಿ.ಮೀ. ದಪ್ಪವಿರುವ ತೆಳುವಾದ ಸೆಟ್ ಹಾಕಿದರೂ ಆರೂ ಸೇರಿ ಸುಮಾರು 38 ಕೆ.ಜಿ. ಎಳೆತ! ಅದೇ 0.25 ಮಿ.ಮೀ.ನ ಸೆಟ್ಟಾದರೆ ಸುಮಾರು 47 ಕೆ.ಜಿ. ತಂತಿಯ ದಪ್ಪ ಬದಲಾಯಿಸಿದ ಕೂಡಲೇ ಬ್ರಿಡ್ಜ್ ಮೇಲೆದ್ದು ನಿಲ್ಲುವುದೇಕೆಂದು ಈಗ ಗೊತ್ತಾಯಿತಲ್ಲ?

ಕಲಿಯುವವರನ್ನು ಅಳಿಸುವ ಸಂಗತಿಯೂ ಇದೇ. ಒಂದು ತಂತಿಯನ್ನು ಬಿಗಿದರೆ ಬ್ರಿಡ್ಜ್ ಕೊಂಚ ಮುಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿಗಳ ಶ್ರುತಿ ಇಳಿಯುತ್ತದೆ. ಒಂದು ತಂತಿ ಕಡಿದರೆ ಸ್ಪ್ರಿಂಗಿನ ಕೈ ಮೇಲಾಗಿ ಉಳಿದವೆಲ್ಲ ಏರುತ್ತವೆ. ತೇವಕ್ಕೆ ದಂಡಿಯ ಬಾಗು ಕೂದಲೆಳೆಯಷ್ಟು ಬದಲಾದರೂ ತಕ್ಕಡಿ ಅಲುಗುತ್ತದೆ.

ಇಷ್ಟೆಲ್ಲ ರಗಳೆ ಯಾಕೆ ಬೇಕಿತ್ತು? ಸ್ವರವನ್ನು ಅಲುಗಿಸುವ ಆಸೆಗೆ. 1954ರಲ್ಲಿ ಅಮೆರಿಕದ ಲಿಯೋ ಫೆಂಡರ್ ತಮ್ಮ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರಿನ ಬ್ರಿಡ್ಜಿಗೆ ಹಿಡಿಯೊಂದನ್ನು ಜೋಡಿಸಿ ಅದನ್ನು ‘ಟ್ರೆಮೊಲೊ’ ಎಂದು ಕರೆದರು. ಹೆಸರು ತಪ್ಪು. ಟ್ರೆಮೊಲೊ ಎಂದರೆ ನಾದದ ಗಟ್ಟಿತನ ಏರಿಳಿಯುವುದು. ಈ ಹಿಡಿ ಅಲುಗಿಸುವುದು ಸ್ವರದ ಸ್ಥಾನವನ್ನು. ಕರ್ನಾಟಕ ಸಂಗೀತ ಕಲಿತ ಮಕ್ಕಳಾದರೆ ‘ಇದು ಕಂಪಿತ ಗಮಕ’ ಎಂದು ಕೂಡಲೇ ಹೇಳಿಯಾರು. ಹಿಡಿಯನ್ನು ಜೋರಾಗಿ ಒತ್ತಿದರೆ ತಂತಿಗಳು ಜಾರಿ ಶ್ರುತಿ ಕೆಡುತ್ತಿತ್ತು. ಆಗ ಆಭರಣ ತಯಾರಿಸುತ್ತಿದ್ದ, ರಾಕ್ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಿದ್ದ ಫ್ಲಾಯ್ಡ್ ರೋಸ್ ಎಂಬಾತ ಲೋಹದ ಸಣ್ಣ ಕೆಲಸ ಬಲ್ಲ ಕೈಯಿಂದಲೇ ಇದಕ್ಕೆ ಉಪಾಯ ಹುಡುಕಿದ. ತಂತಿಗಳನ್ನು ಎರಡೂ ತುದಿಯಲ್ಲಿ ಕಚ್ಚಿ ಹಿಡಿಯುವ ಏರ್ಪಾಟು ಅದು. 1979ರಲ್ಲಿ ಪೇಟೆಂಟ್ ಸಿಕ್ಕಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಅವರ ಹೆಸರಾಂತ ಗಿಟಾರುಗಳಲ್ಲಿರುವುದು ಇಂಥದೇ ಬ್ರಿಡ್ಜ್. ನಮ್ಮ ಹುಡುಗರಿಗೆ ಇದರ ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯವೇನಿದೆ!

ಇನ್ನು ತೂಕ ಕೂರಿಸುವ ಕೆಲಸ. ಬೇಕಾದದ್ದು ಸ್ಕ್ರೂಡ್ರೈವರ್, ಗಿಟಾರಿನ ಜೊತೆ ಬಂದ ಅಲೆನ್ ಕೀ, ಶ್ರುತಿ ತೋರಿಸುವ ಟ್ಯೂನರ್ ಮತ್ತು ಒಂದು ಚೂರು ಮರ. ಮಲೆನಾಡಿನಲ್ಲಿ ಮರದ ಚೂರಿಗೇನು ಬರ? ಅಡಿಕೆ ದಬ್ಬೆಯ ತುಂಡನ್ನೇ ನುಣ್ಣಗೆ ಹೆರೆದುಕೊಂಡರಾಯಿತು. ಹಿಂಬದಿಯ ಮುಚ್ಚಳ ತೆಗೆದರೆ ಬ್ರಿಡ್ಜಿನಿಂದ ಕೆಳಕ್ಕೆ ಇಳಿದಿರುವ ಲೋಹದ ಗಟ್ಟಿ ಕಾಣುತ್ತದೆ. ಬ್ರಿಡ್ಜ್ ಗಿಟಾರಿನ ಮೈಗೆ ಸಮಾನಾಂತರವಾಗಿ ನಿಲ್ಲುವಷ್ಟು ದಪ್ಪದ ತುಂಡನ್ನು, ಆ ಗಟ್ಟಿಗೂ ದಂಡಿಯ ಕಡೆಯ ಗೋಡೆಗೂ ನಡುವೆ ಇಡಬೇಕು. ಸ್ಪ್ರಿಂಗುಗಳನ್ನು ಹಿಡಿದಿರುವ ಎರಡು ದೊಡ್ಡ ಸ್ಕ್ರೂಗಳನ್ನು ತುಸು ಬಿಗಿದರೆ ಗಟ್ಟಿ ಬಂದು ತುಂಡಿಗೆ ಒತ್ತಿ ನಿಲ್ಲುತ್ತದೆ. ಈಗ ಬ್ರಿಡ್ಜ್ ತೇಲುತ್ತಿಲ್ಲ. ತಂತಿಗಳನ್ನು ಒಂದೊಂದಾಗಿ ಬದಲಿಸಿ, ಕೈಯಿಂದ ಮೆಲ್ಲಗೆ ಎಳೆದು ಪಳಗಿಸಿ, ಆರನ್ನೂ ಸರಿಯಾದ ಶ್ರುತಿಗೆ ತನ್ನಿ. ಆಮೇಲೆ ಅದೇ ಎರಡು ಸ್ಕ್ರೂಗಳನ್ನು ಸಮನಾಗಿ, ಕಾಲು ಸುತ್ತು ಕಾಲು ಸುತ್ತು ಸಡಿಲಿಸುತ್ತ ಬನ್ನಿ. ಒಂದು ಗಳಿಗೆಯಲ್ಲಿ ದಬ್ಬೆಯ ತುಂಡು ತಾನಾಗಿಯೇ ಸಡಿಲವಾಗಿ ಬಿದ್ದುಬಿಡುತ್ತದೆ. ತೂಕ ಕೂತಿತು! ಅವಸರ ಬೇಡ, ಮೊದಲ ಸಲ ಒಂದು ಮಧ್ಯಾಹ್ನವೇ ಹಿಡಿದೀತು.

ಬ್ರಿಡ್ಜಿನ ಮೇಲಿರುವ ಆರು ಸಣ್ಣ ತಿರುಪುಗಳನ್ನು ನಡುಮಟ್ಟದಲ್ಲಿಟ್ಟು, ನಂತರವೇ ತಲೆಯ ಕಡೆಯ ಬಿಗಿಗಳನ್ನು ಹಾಕಬೇಕು. ಮುಂದೆ ಶ್ರುತಿ ಏರಿಸಲೂ ಇಳಿಸಲೂ ಜಾಗ ಉಳಿಯುತ್ತದೆ. ಶಕ್ತಿಯೆಲ್ಲ ಹಾಕಿ ಬಿಗಿದರೆ ಅಲೆನ್ ಕೀ ಕೂರುವ ತೂತೇ ಸವೆಯುತ್ತದೆ. ತಂತಿ ಎತ್ತರವಾಯಿತೆಂದು ಬ್ರಿಡ್ಜ್ ನಿಂತ ಮೊಳೆಗಳನ್ನು ತಿರುಗಿಸುವುದಾದರೆ ಮೊದಲು ತಂತಿಗಳನ್ನು ಸಡಿಲಿಸಿ. ಬ್ರಿಡ್ಜಿನ ಚೂಪು ಅಂಚು ಹಾಳಾದರೆ ಮತ್ತೆ ಯಾವ ತೂಕವೂ ನಿಲ್ಲದು. ಬಿಗಿದ ತಂತಿಯನ್ನು ಕತ್ತರಿಸುವುದಂತೂ ಬೇಡವೇ ಬೇಡ, ಅದು ಕಣ್ಣಿಗೆ ಹಾರುತ್ತದೆ.

ಮದ್ದಳೆಯನ್ನು ಕಾಯಿಸಿದಂತೆ ಗಿಟಾರನ್ನು ಹೊಡತಲಿನ ಹತ್ತಿರ ಒಣಗಿಸಲು ಹೋಗಬಾರದು. ಅಂಟು ಬಿಟ್ಟೀತು, ದಂಡಿ ಸೊಟ್ಟಗಾದೀತು. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪೆಟ್ಟಿಗೆಯಲ್ಲಿಡುವುದು ವಾಸಿ.

ಹೊಸದಾಗಿ ಕಲಿಯುವ ಮಗನಿಗೋ ಮಗಳಿಗೋ ಮೊದಲ ಗಿಟಾರ್ ಕೊಡಿಸುವ ತಂದೆತಾಯಂದಿರು ಕದಲದ ಬ್ರಿಡ್ಜಿನದನ್ನೇ ಆರಿಸುವುದು ಮೇಲು. ಈಗಾಗಲೇ ತೇಲುವುದನ್ನು ತಂದಾಗಿದ್ದರೆ ಮಾರಬೇಕಾಗಿಲ್ಲ. ಆ ದಬ್ಬೆಯ ತುಂಡನ್ನು ಒಳಗೇ ಬಿಟ್ಟು ಸ್ಪ್ರಿಂಗನ್ನು ತುಸು ಬಿಗಿಯಾಗಿಟ್ಟರೆ ಹಿಡಿಯನ್ನು ಕೆಳಕ್ಕೆ ಒತ್ತಲು ಬರುತ್ತದೆ, ಮೇಲಕ್ಕೆ ಎಳೆಯಲು ಮಾತ್ರ ಬರುವುದಿಲ್ಲ. ಒಂದು ತಂತಿ ಕಡಿದರೂ ಉಳಿದವು ಶ್ರುತಿಯಲ್ಲೇ ನಿಲ್ಲುತ್ತವೆ. ಮಳೆಗಾಲವೆಲ್ಲ ಹಾಗೇ ಅಭ್ಯಾಸ ನಡೆಯಲಿ. ದೀಪಾವಳಿ ಕಳೆದು ಬಾಗಿಲುಗಳು ಸಲೀಸಾಗಿ ಮುಚ್ಚತೊಡಗಿದಾಗ ತುಂಡನ್ನು ತೆಗೆದು ಮತ್ತೊಮ್ಮೆ ತೂಕ ನೋಡಿದರಾಯಿತು.