ಚಾರ್ಜ್ ಇದ್ದೂ ಕತ್ತಲು

ಅರಿಜೋನಾದ ಕ್ವಾರ್ಟ್‌ಸೈಟ್ ಚಳಿಗಾಲದಲ್ಲಿ ಮಾತ್ರ ತುಂಬುವ ಊರು. ಜನವರಿಯಲ್ಲಿ ಇಂಟರ್‌ಸ್ಟೇಟ್ 10ರ ಆಚೀಚೆಯ ಮರುಭೂಮಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಮನೆಯಂತೆ ಬಳಸುವ ಗಾಡಿಗಳಾದ ಆರ್‌ವಿಗಳೇ. ಪ್ಲಗ್ ಹಾಕಲು ಕರೆಂಟಿನ ಕಂಬವಿಲ್ಲ. ನೆತ್ತಿಯ ಸೋಲಾರ್, ಹೊಟ್ಟೆಯ ಬ್ಯಾಟರಿ, ಇಷ್ಟೇ ಬಂಡವಾಳ.

ಫೀನಿಕ್ಸ್‌ನಲ್ಲಿ ನೆಲೆಸಿರುವ ನನ್ನ ಭಾವನ ಗಾಡಿಯೂ ಅಲ್ಲಿತ್ತು. ಅವರ ಸಂಕಟ ವಿಚಿತ್ರವಾದದ್ದು. ಮೈಕ್ರೊವೇವ್‌ನಲ್ಲಿ ಅನ್ನ ಬಿಸಿಗಿಟ್ಟರೆ ಕೆಲವು ಸೆಕೆಂಡು ತಟ್ಟೆ ತಿರುಗಿ, ಇಡೀ ಗಾಡಿ ಕತ್ತಲು. ಮೊಬೈಲ್ ಆ್ಯಪ್ ಮಾತ್ರ ಬ್ಯಾಟರಿ 70 ಪರ್ಸೆಂಟ್ ಇದೆ ಎಂದು ಹಸಿರು ತೋರಿಸುತ್ತಿತ್ತು. "ಎರಡು ಬ್ಯಾಟರಿ ಇವೆ ಕಣಯ್ಯ, ಒಂದು ಬಟ್ಟಲು ಅನ್ನಕ್ಕೆ ಸಾಲಲ್ವಾ?" ಎಂದು ಭಾವ ರೇಗಿದರು.

ಪಕ್ಕದ ಟ್ರೇಲರ್‌ನಲ್ಲಿದ್ದ ನಿವೃತ್ತ ಎಲೆಕ್ಟ್ರಿಷಿಯನ್ ಒಬ್ಬರು ಮಲ್ಟಿಮೀಟರ್ ಹಿಡಿದು ಬಂದರು. ಅವರು ಕೇಳಿದ್ದು ಒಂದೇ: ಕರೆಂಟ್ ಕತ್ತರಿಸಿದ್ದು ಯಾರು, ಬ್ಯಾಟರಿಯೋ ಇನ್ವರ್ಟರೋ? ಇನ್ವರ್ಟರ್ ತಾನೇ ಕೈಚೆಲ್ಲಿದರೆ ಬ್ಯಾಟರಿಯ ಟರ್ಮಿನಲ್‌ನಲ್ಲಿ 13 ವೋಲ್ಟ್ ಹಾಗೇ ಇರುತ್ತದೆ. ಆಗ ಅನುಮಾನ ನಡುವಿನ ಕೇಬಲ್ಲಿನ ಮೇಲೆ. ಸಣ್ಣ ಕೇಬಲ್ ವೋಲ್ಟೇಜನ್ನು ದಾರಿಯಲ್ಲೇ ತಿಂದುಹಾಕುತ್ತದೆ. ಬ್ಯಾಟರಿಯ ಒಳಗಿನ ಕಾವಲುಗಾರ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಬಾಗಿಲು ಹಾಕಿದ್ದರೆ ಟರ್ಮಿನಲ್‌ನಲ್ಲಿ ಸೊನ್ನೆಯ ಆಸುಪಾಸು. ಭಾವನದು ಎರಡನೆಯ ಕೇಸು. ಬ್ಯಾಟರಿ ಸತ್ತೇಹೋಯಿತೆಂದು ಜನ ವಾಪಸ್ ಕಳಿಸಲು ಹೊರಡುವುದು ಇಂಥ ಸೊನ್ನೆ ಕಂಡೇ. ಲೋಡ್ ತೆಗೆದರೆ ಕೆಲವು ಬ್ಯಾಟರಿಗಳು ತಾವಾಗಿ ಏಳುತ್ತವೆ, ಕೆಲವಕ್ಕೆ ಚಾರ್ಜರ್ ಹಚ್ಚಿ ಎಬ್ಬಿಸಬೇಕು.

ಲೆಕ್ಕ ನೋಡಿ. 1000 ವಾಟ್ ಎಂದು ಬರೆದ ಮೈಕ್ರೊವೇವ್ ಎಳೆಯುವುದು ಸುಮಾರು 1500 ವಾಟ್. ಇನ್ವರ್ಟರ್‌ನ ನಷ್ಟ ಸೇರಿದರೆ ಬ್ಯಾಟರಿಯ ಕಡೆ 130 ಆಂಪ್. ಭಾವನ ಒಂದೊಂದು ಬ್ಯಾಟರಿಯೂ 100 ಆಂಪ್ ತನಕ ಕೊಡಬಲ್ಲದು. ಎರಡು ಸೇರಿ 200. ಹಾಗಿದ್ದರೆ ತೊಂದರೆಯೇ ಬರಬಾರದಲ್ಲ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿಂದ ಮುಂದಿನದು. ಎಲೆಕ್ಟ್ರಿಷಿಯನ್ ಇನ್ನೊಮ್ಮೆ ಮೈಕ್ರೊವೇವ್ ಹಾಕಿಸಿ, ಒಂದೊಂದೇ ಬ್ಯಾಟರಿಯ ಕೇಬಲ್ಲಿಗೆ ಕ್ಲ್ಯಾಂಪ್ ಮೀಟರ್ ಕಚ್ಚಿಸಿದರು. ಒಂದರಲ್ಲಿ 105, ಇನ್ನೊಂದರಲ್ಲಿ 25! ಮೊದಲನೆಯದರ ಬಿಎಂಎಸ್ ಕೆಲವು ಸೆಕೆಂಡು ಸಹಿಸಿ ಟ್ರಿಪ್ ಆಗುತ್ತದೆ. ತಕ್ಷಣ ಇಡೀ 130 ಆಂಪ್ ಎರಡನೆಯದರ ತಲೆಗೆ ಬಿದ್ದು ಅದೂ ಟ್ರಿಪ್. ನಮಗೆ ಕಾಣುವುದು ಒಂದೇ ಕತ್ತಲು. ಒಳಗೆ ನಡೆದದ್ದು ಎರಡು ಘಟನೆ. ಎರಡನೆಯ ಬ್ಯಾಟರಿಯ ಕೇಬಲ್ಲಿನ ತುದಿಯ ಲೋಹದ ಲಗ್ ಮುಟ್ಟಿದರೆ ಬೆಚ್ಚಗಿತ್ತು. ಬಿಚ್ಚಿದಾಗ ಲಗ್ ಮತ್ತು ಟರ್ಮಿನಲ್ ನಡುವೆ ಒಂದು ಸ್ಟೀಲ್ ವಾಷರ್, ಬೋಲ್ಟೂ ಸಡಿಲ. ವಾಷರ್ ಲಗ್‌ನ ಮೇಲಿರಬೇಕೇ ಹೊರತು ಅಡಿಯಲ್ಲಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಪ್ರತಿರೋಧ ತಾಮ್ರಕ್ಕಿಂತ ಸುಮಾರು 40 ಪಟ್ಟು. ಈ ಬ್ಯಾಟರಿಗಳ ಒಳಪ್ರತಿರೋಧವೇ ಕೆಲವು ಮಿಲಿಓಮ್‌ನಷ್ಟಾದ್ದರಿಂದ ಇಷ್ಟು ಸಡಿಲವೂ ಪಾಲನ್ನು ಏರುಪೇರು ಮಾಡುತ್ತದೆ. ವಾಷರ್ ಜಾಗ ಬದಲಿಸಿ, ಬಿಗಿದು, ಪ್ಲಸ್ ಒಂದು ಬ್ಯಾಟರಿಯಿಂದ ಮೈನಸ್ ಇನ್ನೊಂದರಿಂದ ಎಳೆದ ಮೇಲೆ ಪಾಲು ಹೆಚ್ಚುಕಡಿಮೆ ಸಮವಾಯಿತು. ಅನ್ನವೂ ಬಿಸಿಯಾಯಿತು.

ಇವೆಲ್ಲ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು. ಈ ಫಾಸ್ಫೇಟನ್ನು ಕ್ಯಾಥೋಡ್ ಆಗಿ ಬಳಸಬಹುದೆಂಬ 1997ರ ಪ್ರಬಂಧದಲ್ಲಿ ನೊಬೆಲ್ ವಿಜೇತ ಜಾನ್ ಗುಡ್‌ಇನಫ್ ಜೊತೆಗೆ ಪಾಢಿ, ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಎರಡನೆಯದನ್ನು ಓದಿ ಮೈಸೂರು ಸೀಮೆಯವನಾದ ನನ್ನ ಕಿವಿ ನೆಟ್ಟಗಾಗದಿರುತ್ತದೆಯೇ!

ಬಿಎಂಎಸ್ ಮಾಡುವ ಇನ್ನೊಂದು ಕಟ್ ಚಳಿಯದು. ಫ್ಲಾಗ್‌ಸ್ಟಾಫ್‌ನಂಥ ಎತ್ತರದ ಊರಲ್ಲಿ ಬೆಳಗ್ಗೆ ಒಳ್ಳೆಯ ಬಿಸಿಲಿದ್ದರೂ ಬ್ಯಾಟರಿಗೆ ಒಂದು ಆಂಪೂ ಹೋಗದೆ ಇರಬಹುದು. ಸೆಲ್ 0 ಡಿಗ್ರಿಗಿಂತ ತಣ್ಣಗಿದ್ದರೆ ಬಿಎಂಎಸ್ ಚಾರ್ಜಿಂಗ್ ತಡೆಯುತ್ತದೆ. ತಡೆಯದಿದ್ದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಸೆಲ್ ಹಾಳು. ಆಗಲೂ ದೀಪ, ಪಂಪು ನಡೆಯುತ್ತವೆ, ಅದಕ್ಕೇ ಜನ ಸೋಲಾರನ್ನು ಬೈಯುತ್ತಾರೆ.

ಭಾವನಿಗೆ ಈಗ ಛಾವಣಿಯ ಏಸಿಯನ್ನೂ ಬ್ಯಾಟರಿಯಲ್ಲೇ ಓಡಿಸುವ ಹುಮ್ಮಸ್ಸು. ನನಗೆ ನಂಬಿಕೆಯಿಲ್ಲ. ಶುರುವಾಗುವ ಕ್ಷಣದ ಎಳೆತಕ್ಕೆ ಸಾಫ್ಟ್ ಸ್ಟಾರ್ಟರ್ ಹಾಕಬಹುದು ನಿಜ, ಆದರೆ 100 ಆಂಪ್-ಅವರ್‌ನ ಎರಡು ಬ್ಯಾಟರಿ ಸೇರಿ ಎರಡೂವರೆ ಯೂನಿಟ್ ಚಿಲ್ಲರೆ. 1500 ವಾಟಿನ ಏಸಿಗೆ ಅದು ಒಂದೂವರೆ ಗಂಟೆಯ ಮೇವು. ಆಮೇಲೆ ಜನರೇಟರೇ.